ಚಾಲೆಂಜರ್ ಹಾರುವ ಹಿಂದಿನ ರಾತ್ರಿ: ಉದ್ಯಮಬಾಗ್‌ನಲ್ಲಿ ನಡೆದ ಎರಡು ದಿನಗಳ ತರಬೇತಿಯ ವಿಮರ್ಶೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಗುಣಮಟ್ಟ ತಪಾಸಣೆಯ ಕೆಲಸ ಮಾಡುತ್ತಿರುವ ನಾನು ಈವರೆಗೆ ಕುಳಿತು ಎದ್ದ ತರಬೇತಿಗಳಿಗೆ ಲೆಕ್ಕವಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಬಳಸುವುದು ಹೇಗೆ, ಹೆಲ್ಮೆಟ್ ಏಕೆ ಹಾಕಬೇಕು, ಆಡಿಟ್‌ಗೆ ಕಾಗದಪತ್ರ ಹೇಗೆ ಜೋಡಿಸಬೇಕು ಎಂಬಂಥ ವಿಷಯಗಳು ಅಲ್ಲಿರುತ್ತವೆ. ಸಂಜೆ ಪ್ರಮಾಣಪತ್ರ ಸಿಗುತ್ತದೆ, ಅದು ಫೈಲ್ ಸೇರುತ್ತದೆ. ಕಳೆದ ತಿಂಗಳು ಎರಡು ಶನಿವಾರ ನಾನು ಹಾಜರಾದ ತರಬೇತಿಯ ವಿಷಯ ಬೇರೆಯೇ ಆಗಿತ್ತು. 1986ರ ಜನವರಿ 28ರಂದು ಫ್ಲಾರಿಡಾದಿಂದ ಮೇಲೇರಿ 73 ಸೆಕೆಂಡಿಗೆ ನಾಶವಾದ, ಅದರಲ್ಲಿದ್ದ ಏಳೂ ಮಂದಿಯನ್ನು ಬಲಿ ತೆಗೆದುಕೊಂಡ, ಅಮೆರಿಕದ ನಾಸಾ ಸಂಸ್ಥೆಯ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಗೆ ಮೊದಲು ಯಾರು ಏನು ಹೇಳಿದರು, ಯಾರು ಏಕೆ ಸುಮ್ಮನಾದರು, ‘ಹಾರಿಸಬೇಡಿ’ ಎಂಬ ಶಿಫಾರಸು ಕೆಲವೇ ಗಂಟೆಗಳಲ್ಲಿ ‘ಹಾರಿಸಬಹುದು’ ಎಂದಾದದ್ದು ಹೇಗೆ ಎಂಬುದನ್ನು ಎರಡು ದಿನ ಬಿಡಿಸಿ ಬಿಡಿಸಿ ನೋಡುವುದೇ ಅಲ್ಲಿನ ಪಠ್ಯ.

ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಘಟಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆ ದೂರುಗಳನ್ನು ಅವರಿಗೆ ಲಿಖಿತವಾಗಿಯೇ ಕೊಟ್ಟಿದ್ದೇನೆ. ಶುಲ್ಕ ತಲಾ 2,200 ರೂಪಾಯಿ, ಅದರಲ್ಲಿ ಎರಡು ದಿನದ ಊಟ, ಚಹಾ ಮತ್ತು ಕನ್ನಡದಲ್ಲಿ ಮುದ್ರಿಸಿದ ಒಂದು ಕೈಪಿಡಿ ಸೇರಿವೆ. ಜಾಗ ಮೂರನೇ ರೈಲ್ವೆ ಗೇಟ್ ದಾಟಿದ ಮೇಲೆ ಖಾನಾಪುರ ರಸ್ತೆಗೆ ಹತ್ತಿರದ ಒಂದು ಸಭಾಂಗಣ. ನಾವು ಇಪ್ಪತ್ತೆಂಟು ಜನರಿದ್ದೆವು: ಫೌಂಡ್ರಿಯವರು, ಮಷೀನ್ ಶಾಪ್‌ನವರು, ನನ್ನಂತೆ ಹೈಡ್ರಾಲಿಕ್ ಸಿಲಿಂಡರ್ ಮಾಡುವ ಕಡೆಯಿಂದ ಬಂದವರು. ಮಾಲೀಕರು ಇಬ್ಬರೇ. ಪಾಠ ಹೇಳಿದವರು ಗುಣಮಟ್ಟ ವಿಭಾಗದಲ್ಲೇ ಆಯುಷ್ಯ ಸವೆಸಿ ನಿವೃತ್ತರಾದ ಹಿರಿಯರು. ಕನ್ನಡದಲ್ಲಿ ಮಾತಾಡಿದರು, ಮರಾಠಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಮರಾಠಿಯಲ್ಲೇ ಉತ್ತರಿಸಿದರು, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಚಾಳಿ ಅವರಿಗೆ ಇರಲಿಲ್ಲ.

ಮೊದಲ ದಿನದ ಬೆಳಗಿನ ಅವಧಿ ಪೂರ್ತಿ ಒಂದು ಜೋಡಣೆಗೆ ಮೀಸಲಾಗಿತ್ತು. ನೌಕೆಯ ಎರಡು ಬದಿಗೆ ಕಟ್ಟುವ ಘನ ಇಂಧನದ ಬೂಸ್ಟರ್ ರಾಕೆಟ್‌ಗಳನ್ನು ಮಾರ್ಟನ್ ಥಯೋಕಾಲ್ ಕಂಪನಿ ಯೂಟಾ ರಾಜ್ಯದಲ್ಲಿ ತುಂಡು ತುಂಡಾಗಿ ತಯಾರಿಸಿ ರೈಲಿನಲ್ಲಿ ಫ್ಲಾರಿಡಾಕ್ಕೆ ಕಳಿಸುತ್ತಿತ್ತು. ಅಲ್ಲಿ ಅವನ್ನು ಒಂದರ ಮೇಲೊಂದು ನಿಲ್ಲಿಸಿ ಕೂಡಿಸುತ್ತಿದ್ದರು. ಮೇಲಿನ ತುಂಡಿನ ನಾಲಿಗೆಯಂಥ ಅಂಚು ಕೆಳಗಿನ ತುಂಡಿನ ಕವಲಿನೊಳಗೆ ಕೂರುತ್ತದೆ, ಸುತ್ತಲೂ 177 ಪಿನ್‌ಗಳು ಅದನ್ನು ಹಿಡಿಯುತ್ತವೆ, ಒಳಗಿನ ಬಿಸಿ ಅನಿಲ ಹೊರಬಾರದಂತೆ ತಡೆಯುವುದಕ್ಕೆ ಎರಡು ಓ-ರಿಂಗ್‌ಗಳು, ಅಂದರೆ ಬಳೆಯಾಕಾರದ ರಬ್ಬರ್ ಸೀಲ್‌ಗಳಿರುತ್ತವೆ. ಆ ರಿಂಗ್‌ನ ವ್ಯಾಸ ಸುಮಾರು 3.7 ಮೀಟರ್, ದಪ್ಪ ಮಾತ್ರ ಸುಮಾರು 7 ಮಿಲಿಮೀಟರ್. ಇಷ್ಟು ಹೇಳಿ ಅವರು ಜೇಬಿನಿಂದ 7 ಮಿಲಿಮೀಟರಿನ ರಬ್ಬರ್ ಎಳೆಯೊಂದನ್ನು ತೆಗೆದು ಎಲ್ಲರ ಕೈಗೂ ದಾಟಿಸಿದರು. ನನ್ನ ಸ್ಟೋರಿನ ಡಬ್ಬಿಗಳಲ್ಲಿ ಅಂಥವು ನೂರಾರು ಬಿದ್ದಿವೆ. ಆದರೂ ಆ ಎಳೆ ಕೈಗೆ ಬಂದಾಗ ಬೆರಳು ಅದನ್ನು ಎಂದಿನಂತೆ ಹಿಡಿಯಲಿಲ್ಲ.

ದಹನ ಶುರುವಾದಾಗ ಒಳಗಿನ ಒತ್ತಡಕ್ಕೆ ಉಕ್ಕಿನ ಕೊಳವೆ ಹೊಟ್ಟೆಯುಬ್ಬಿದಂತೆ ಹೊರಕ್ಕೆ ಉಬ್ಬುತ್ತದೆ, ಆಗ ಜೋಡಣೆ ಸ್ವಲ್ಪ ಬಾಯಿ ಬಿಡುತ್ತದೆ. ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಓ-ರಿಂಗ್ ಹಿಗ್ಗಿ ಆ ಸಂದನ್ನು ಬೆನ್ನಟ್ಟಿ ಮುಚ್ಚಬೇಕು. ಸೀಲ್ ಕೆಲಸ ಮಾಡುವುದು ಅದರ ಅಳತೆಯಿಂದ ಮಾತ್ರವಲ್ಲ, ಒತ್ತಿದ್ದನ್ನು ಬಿಟ್ಟ ತಕ್ಷಣ ಮರಳಿ ತನ್ನ ಆಕಾರಕ್ಕೆ ಬರುವ ಅದರ ಚುರುಕಿನಿಂದ ಎಂಬುದು ನಮ್ಮಂಥವರಿಗೆ ಗೊತ್ತಿರುವ ಮಾತೇ. ಚಳಿಯಲ್ಲಿ ಆ ಚುರುಕು ಹೋಗುತ್ತದೆ. ಜೋಡಣೆ ವಿನ್ಯಾಸಕಾರರು ಊಹಿಸಿದ್ದಕ್ಕಿಂತ ಬೇರೆ ರೀತಿಯಲ್ಲಿ ತೆರೆದುಕೊಳ್ಳುತ್ತದೆ ಎಂಬುದು 1977ರ ಪರೀಕ್ಷೆಗಳಲ್ಲೇ ಕಂಡಿತ್ತು. 1981ರ ನವೆಂಬರಿನಲ್ಲಿ, ಈ ಬಗೆಯ ನೌಕೆಗಳ ಎರಡನೆಯ ಹಾರಾಟದಲ್ಲಿಯೇ, ಮೊದಲ ಬಾರಿಗೆ ಒಂದು ರಿಂಗ್ ಬಿಸಿ ಅನಿಲಕ್ಕೆ ತಿಂದುಹೋದದ್ದು ಕಂಡಿತು. 1982ರ ಕೊನೆಯಲ್ಲಿ, ಎರಡನೇ ರಿಂಗನ್ನು ಭರವಸೆಯ ಬದಲಿ ಎಂದು ನಂಬಲಾಗದು ಎಂದು ಒಪ್ಪಿಕೊಂಡು, ಇದನ್ನು ಕೆಟ್ಟರೆ ನೌಕೆಯೂ ಜೀವಗಳೂ ಹೋಗುವ ಭಾಗಗಳ ಪಟ್ಟಿಗೆ ಸೇರಿಸಿದರು. ಹಾಗೆ ಸೇರಿಸಿದ ಮೇಲೂ ಹಾರಾಟ ನಿಲ್ಲಲಿಲ್ಲ.

ಇಲ್ಲಿ ತರಬೇತುದಾರರು ಒಂದು ಗಂಟೆ ನಿಂತರು, ನಿಲ್ಲಬೇಕಾದದ್ದೂ ಅಲ್ಲಿಯೇ. ವಿನ್ಯಾಸದ ಪ್ರಕಾರ ಓ-ರಿಂಗ್ ಒಂದಿಷ್ಟೂ ಸುಡಬಾರದು. ಸುಟ್ಟಿತು, ಆದರೆ ನೌಕೆ ಕ್ಷೇಮವಾಗಿ ಮರಳಿತು. ಹಾಗಾದರೆ ಇಷ್ಟು ಸುಟ್ಟರೂ ನಡೆಯುತ್ತದೆ ಎಂದು ಬರೆದುಕೊಂಡರು. ಮುಂದೊಂದು ಸಲ ಅದಕ್ಕಿಂತ ಹೆಚ್ಚು ಸುಟ್ಟಿತು, ಅದೂ ನಡೆಯಿತು. ರಿಂಗ್‌ನ ತ್ರಿಜ್ಯದ ಮೂರನೇ ಒಂದು ಭಾಗ ಮಾತ್ರ ಸವೆದಿದೆ, ಆದ್ದರಿಂದ ಮೂರು ಪಟ್ಟು ಸುರಕ್ಷತೆ ಉಳಿದಿದೆ ಎಂಬ ಲೆಕ್ಕವೂ ಹುಟ್ಟಿಕೊಂಡಿತು. ತನಿಖಾ ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವರದಿಯ ಅನುಬಂಧದಲ್ಲಿ ಈ ಲೆಕ್ಕವನ್ನು ಸೇತುವೆಯ ಉದಾಹರಣೆ ಕೊಟ್ಟು ಮುರಿದಿದ್ದಾರೆ: ಬಿರುಕೇ ಬಿಡಬಾರದ ತೊಲೆ ಮೂರನೇ ಒಂದು ಭಾಗದಷ್ಟು ಬಿರುಕು ಬಿಟ್ಟಿದ್ದರೆ ಉಳಿದ ಎರಡು ಭಾಗ ಸುರಕ್ಷತೆಯಲ್ಲ, ಬಿರುಕು ಬಂದಿತೆಂದರೆ ವಿನ್ಯಾಸ ಆಗಲೇ ಸೋತಿದೆ ಎಂದು ಅರ್ಥ. ಈ ಒಂದು ಮಾತನ್ನು ಇಷ್ಟು ನೇರವಾಗಿ, ಇಂಥ ಕನ್ನಡದಲ್ಲಿ ಕೇಳಿಸಿಕೊಂಡದ್ದಕ್ಕೇ ನಾನು ಕೊಟ್ಟ 2,200 ರೂಪಾಯಿ ಸಂದಿತು ಎಂದು ಆ ಕ್ಷಣದಲ್ಲಿ ಅನ್ನಿಸಿತ್ತು.

ಅನ್ನಿಸಿದ್ದಕ್ಕೆ ಕಾರಣವಿದೆ. ಎಂಟು ವರ್ಷದ ಹಿಂದೆ ನಾನು ಬೇರೊಂದು ಕಾರ್ಖಾನೆಯಲ್ಲಿದ್ದೆ. ಟ್ರ್ಯಾಕ್ಟರ್ ಟ್ರಾಲಿ ಎತ್ತುವ ಸಿಲಿಂಡರ್‌ಗಳ ಒಂದು ಲಾಟ್‌ನಲ್ಲಿ ಓ-ರಿಂಗ್ ಕೂರುವ ಗ್ರೂವ್ ಡ್ರಾಯಿಂಗ್ ಹೇಳಿದ್ದಕ್ಕಿಂತ ಸ್ವಲ್ಪ ಆಳವಾಗಿತ್ತು. ಆಳ ಹೆಚ್ಚಾದರೆ ರಿಂಗ್ ಒತ್ತಿಕೊಳ್ಳುವುದು ಕಡಿಮೆಯಾಗುತ್ತದೆ. ನಾನು ರಿಜೆಕ್ಟ್ ಎಂದು ಬರೆದೆ. ಟೆಸ್ಟ್ ಬೆಂಚಿನ ಮೇಲೆ ಸೋರಲಿಲ್ಲ ಎಂಬ ಕಾರಣಕ್ಕೆ ಡೀವಿಯೇಷನ್ ನೋಟ್, ಅಂದರೆ ಅಳತೆ ತಪ್ಪಿದ್ದರೂ ವಿನಾಯಿತಿ ಕೊಡುವ ಚೀಟಿ, ಹಾಕಿ ಕಳಿಸಿದರು. ಮುಂದಿನ ಲಾಟ್ ಕೂಡ ಹಾಗೆಯೇ ಬಂದಿತು. ಆಗ ಪ್ರೊಡಕ್ಷನ್‌ನವರು ‘ಹೋದ ಸಲಾನೂ ಹಿಂಗ ಕಳಿಸಿದ್ವಿ, ಏನ್ ಆಗೇತ್ರಿ?’ ಎಂದರು. ಮೂರನೆಯ ಸಲ ನಾನೇ ಕೇಳದೆ ಸಹಿ ಹಾಕಿದೆ. ಅದೇ ಮಳೆಗಾಲದಲ್ಲಿ ಗ್ರಾಹಕರ ಕಡೆ ಎತ್ತಿ ನಿಲ್ಲಿಸಿದ್ದ ಟ್ರಾಲಿಯೊಂದರ ಸಿಲಿಂಡರ್‌ನಿಂದ ಎಣ್ಣೆ ಸೋರಿ, ಟ್ರಾಲಿ ಮೆಲ್ಲನೆ ಕೆಳಗಿಳಿಯಿತು. ಕೆಳಗೆ ಗ್ರೀಸ್ ಹೊಡೆಯುತ್ತಿದ್ದ ಹುಡುಗ ಸದ್ದು ಕೇಳಿ ಹೊರಗೆ ಉರುಳಿಕೊಂಡ. ಚಪ್ಪಟೆಯಾದ ಗ್ರೀಸ್ ಗನ್ನನ್ನು ದೂರಿನ ಜೊತೆ ಕಾರ್ಖಾನೆಗೆ ತಂದು ನನ್ನ ಮೇಜಿನ ಮೇಲೆ ಇಟ್ಟರು. ತರಬೇತಿಯಲ್ಲಿ ಸೇತುವೆಯ ಮಾತು ಬಂದಾಗ ನನಗೆ ಕಂಡದ್ದು ಆ ಗ್ರೀಸ್ ಗನ್.

ಮೊದಲ ದಿನದ ಮಧ್ಯಾಹ್ನದ ಪ್ರಯೋಗ ನನ್ನ ಮೊದಲ ದೂರು. 1986ರ ಫೆಬ್ರವರಿ 11ರಂದು ಆಯೋಗದ ಬಹಿರಂಗ ವಿಚಾರಣೆಯಲ್ಲಿ ಫೈನ್‌ಮನ್ ಓ-ರಿಂಗ್‌ನ ತುಂಡನ್ನು ಸಣ್ಣ ಸಿ-ಕ್ಲಾಂಪ್‌ನಲ್ಲಿ ಒತ್ತಿ, ಲೋಟದ ಐಸ್ ನೀರಿನಲ್ಲಿ ಅದ್ದಿ, ಕ್ಲಾಂಪ್ ತೆಗೆದಾಗ ಅದು ಕೂಡಲೇ ಮೇಲೇಳುವುದಿಲ್ಲ ಎಂದು ತೋರಿಸಿದರು. ಅದನ್ನೇ ಇಲ್ಲಿಯೂ ಮಾಡಿ ತೋರಿಸಲು ಸ್ಟೀಲ್ ಲೋಟ, ಐಸ್, ಕ್ಲಾಂಪ್ ಎಲ್ಲವೂ ಸಿದ್ಧವಿತ್ತು. ಆದರೆ ತಂದಿದ್ದ ರಿಂಗ್ ನೈಟ್ರೈಲ್ ಎಂಬ ಬೇರೆ ಬಗೆಯ ರಬ್ಬರಿನದು. ಐಸ್ ನೀರಿನಷ್ಟು ಚಳಿಗೆ ನೈಟ್ರೈಲ್ ಅಷ್ಟೇನೂ ಸೆಟೆದುಕೊಳ್ಳುವುದಿಲ್ಲ. ಚಾಲೆಂಜರ್‌ನಲ್ಲಿ ಇದ್ದದ್ದು ಫ್ಲೋರೋಕಾರ್ಬನ್ ರಬ್ಬರ್, ಅಂದರೆ ನಾವು ವಿಟಾನ್ ಎನ್ನುವ ಬಗೆ. ಅವರು ಕ್ಲಾಂಪ್ ತೆಗೆದ ಕ್ಷಣವೇ ರಿಂಗ್ ಟಣ್ಣನೆ ಮೇಲೆದ್ದಿತು. ಹಿಂದಿನ ಸಾಲಿನವರು ‘ಏನೂ ಆಗಲಿಲ್ಲಲ್ರೀ’ ಎಂದರು, ತರಬೇತುದಾರರು ಮುಜುಗರದಿಂದ ಮುಂದಿನ ವಿಷಯಕ್ಕೆ ಹೋದರು. ಇಡೀ ಪಾಠ ನಿಂತಿರುವುದೇ ಈ ವಸ್ತುವಿನ ಗುಣದ ಮೇಲೆ. ಅದನ್ನೇ ತಪ್ಪು ವಸ್ತುವಿನಿಂದ ತೋರಿಸಿದರೆ ಕೇಳುಗರು ಚಳಿಯ ವಾದವೇ ಪೊಳ್ಳು ಎಂದುಕೊಂಡು ಮನೆಗೆ ಹೋಗುವ ಅಪಾಯವಿದೆ.

ಸೋಮವಾರ ನಾನು ನಮ್ಮ ಸ್ಟೋರಿನಿಂದ ಒಂದೇ ದಪ್ಪದ ಎರಡು ತುಂಡು ತೆಗೆದುಕೊಂಡೆ, ಕಪ್ಪು ನೈಟ್ರೈಲ್ ಒಂದು, ಕಂದು ವಿಟಾನ್ ಒಂದು. ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಥರ್ಮಾಸ್ ತುಂಬಿಸಿ, ಎರಡನ್ನೂ ಒಂದೇ ಅಳತೆಗೆ ಒತ್ತಿ ಅರ್ಧ ಗಂಟೆ ಬಿಟ್ಟೆ. ನೈಟ್ರೈಲ್ ಕ್ಲಾಂಪ್ ಸಡಿಲಿಸುತ್ತಿದ್ದಂತೆಯೇ ದುಂಡಗಾಯಿತು. ವಿಟಾನ್ ಮಾತ್ರ ಒತ್ತಿದ ಜಾಗದಲ್ಲಿ ಚಪ್ಪಟೆಯಾಗಿಯೇ ಉಳಿದು, ಹಲವು ಸೆಕೆಂಡು ಕಳೆದ ಮೇಲೆ ಸೋಮಾರಿಯಂತೆ ಮೇಲೇಳತೊಡಗಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಮ್ಮ ಅಸೆಂಬ್ಲಿಯ ಹುಡುಗರು ಒಂದು ಮಾತೂ ಆಡಲಿಲ್ಲ. ಇಷ್ಟು ಸುಲಭದ ಪ್ರಯೋಗವನ್ನು ಸಂಘಟಕರು ಮುಂದಿನ ಸಲ ಸರಿಯಾದ ರಿಂಗ್ ತಂದು ಮಾಡಲೇಬೇಕು. ಉದ್ಯಮಬಾಗ್‌ನ ಸೀಲ್ ಅಂಗಡಿಗಳಲ್ಲಿ ಅದು ಸಿಗದ ವಸ್ತುವೇನಲ್ಲ.

ಎರಡನೆಯ ಶನಿವಾರ ಈ ತರಬೇತಿಯ ಜೀವಾಳ. ಉಡಾವಣೆಯ ಹಿಂದಿನ ದಿನ, ಜನವರಿ 27ರ ರಾತ್ರಿ, ಮೂರು ಊರುಗಳ ನಡುವೆ ದೂರವಾಣಿ ಸಭೆ ನಡೆಯಿತು: ಯೂಟಾದಲ್ಲಿ ಥಯೋಕಾಲ್‌ನವರು, ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ನಾಸಾದ ಮಾರ್ಷಲ್ ಕೇಂದ್ರದವರು, ಫ್ಲಾರಿಡಾದ ಕೆನಡಿ ಕೇಂದ್ರದಲ್ಲಿ ಎರಡೂ ಕಡೆಯ ಪ್ರತಿನಿಧಿಗಳು. ನಮ್ಮನ್ನೂ ಮೂರು ತಂಡ ಮಾಡಿ ಮೂರು ಕೋಣೆಗಳಲ್ಲಿ ಕೂರಿಸಿ, ನಡುವೆ ಫೋನ್ ಸ್ಪೀಕರ್ ಹಾಕಿದರು. ಪ್ರತಿಯೊಬ್ಬರಿಗೂ ಒಂದು ಪಾತ್ರ, ಅವರಿಗೆ ಆ ಹೊತ್ತಿಗೆ ಗೊತ್ತಿದ್ದಷ್ಟೇ ವಿಷಯ ಬರೆದ ಒಂದು ಚೀಟಿ. ನನಗೆ ಬಂದದ್ದು ಥಯೋಕಾಲ್‌ನ ಎಂಜಿನಿಯರಿಂಗ್ ಉಪಾಧ್ಯಕ್ಷ ಬಾಬ್ ಲಂಡ್ ಅವರ ಪಾತ್ರ.

ಆ ರಾತ್ರಿಯ ಘಟನೆಗಳು ಆಯೋಗದ ಮುಂದೆ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯಗಳಲ್ಲಿ ದಾಖಲಾಗಿವೆ, ಆದ್ದರಿಂದ ಆಟಕ್ಕೆ ಕಲ್ಪನೆಯ ಹಂಗಿರಲಿಲ್ಲ. ಥಯೋಕಾಲ್‌ನ ಎಂಜಿನಿಯರ್‌ಗಳಾದ ರೋಜರ್ ಬೋಜೊಲೆ ಮತ್ತು ಆರ್ನಿ ಥಾಂಪ್ಸನ್ ಚಳಿಯ ಆತಂಕವನ್ನು ಮುಂದಿಟ್ಟರು. ಒಂದು ವರ್ಷ ಮೊದಲು, 1985ರ ಜನವರಿ 24ರಂದು, ರಿಂಗ್‌ನ ತಾಪಮಾನ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹಾರಿದ ನೌಕೆಯಲ್ಲಿ ಎರಡು ರಿಂಗ್‌ಗಳ ನಡುವಿನ ಗ್ರೀಸ್ ಕಪ್ಪು ಮಸಿಯಾಗಿತ್ತು, ಅಂದರೆ ಬಿಸಿ ಅನಿಲ ಮೊದಲ ರಿಂಗನ್ನು ದಾಟಿತ್ತು. ನಮ್ಮ ಬೆಳಗಾವಿಯ ಜನವರಿ ಮುಂಜಾವಿನಲ್ಲಿ ಸ್ವೆಟರ್ ಹಾಕಿಕೊಂಡು ಗಾಡಿ ಓಡಿಸುವಾಗಿನ ಚಳಿ ಅಷ್ಟೇ ಇರುತ್ತದೆ. ಮರುದಿನ ಫ್ಲಾರಿಡಾದಲ್ಲಿ ನಿರೀಕ್ಷೆಯಿದ್ದ ಚಳಿ ನೀರು ಹೆಪ್ಪುಗಟ್ಟುವಷ್ಟು. 12 ಡಿಗ್ರಿಗಿಂತ ಕಡಿಮೆಯಲ್ಲಿ ಹಾರಿಸಬಾರದು ಎಂದು ಲಂಡ್ ಶಿಫಾರಸು ಓದಿದರು. ಬೋಜೊಲೆ ಅವರು 1985ರ ಜುಲೈ 31ರಂದೇ, ಈ ಜೋಡಣೆಯನ್ನು ಸರಿಪಡಿಸದಿದ್ದರೆ ಮನುಷ್ಯರ ಪ್ರಾಣ ಹೋಗುವ ಅತಿದೊಡ್ಡ ದುರಂತವಾದೀತು ಎಂದು ತಮ್ಮ ಮೇಲಿನವರಿಗೆ ಬರೆದಿದ್ದರು.

ನಾಸಾದ ಕಡೆಯಿಂದ ಜಾರ್ಜ್ ಹಾರ್ಡಿ ಈ ಶಿಫಾರಸು ಕೇಳಿ ದಿಗ್ಭ್ರಮೆಯಾಯಿತು ಎಂದರು. ಬೂಸ್ಟರ್ ಯೋಜನೆಯ ಲ್ಯಾರಿ ಮಲ್ಲಾಯ್, ಹಾಗಾದರೆ ನಾನು ಯಾವಾಗ ಹಾರಿಸಬೇಕು, ಬರುವ ಏಪ್ರಿಲ್‌ನಲ್ಲೋ ಎಂದು ಕೇಳಿದರು. ಥಯೋಕಾಲ್‌ನವರು ತಮ್ಮಲ್ಲೇ ಚರ್ಚಿಸಲು ಐದು ನಿಮಿಷ ಕೇಳಿದರು, ಸುಮಾರು ಅರ್ಧ ಗಂಟೆ ತೆಗೆದುಕೊಂಡರು. ನಮ್ಮ ಕೋಣೆಯಲ್ಲಿ ಫೋನಿನ ಧ್ವನಿ ನಿಲ್ಲಿಸುವ ಗುಂಡಿ ಒತ್ತಿದ ಕ್ಷಣದಿಂದ ಗಾಳಿಯೇ ಬದಲಾಯಿತು. ಹಿರಿಯ ಉಪಾಧ್ಯಕ್ಷ ಜೆರಾಲ್ಡ್ ಮೇಸನ್ ಪಾತ್ರ ಮಾಡಿದವರು ಮಚ್ಛೆ ಕಡೆಯ ಒಬ್ಬ ಫೌಂಡ್ರಿ ಮಾಲೀಕರು. ಅವರು ಗದರಿಸಲಿಲ್ಲ. ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ‘ಸಾಹೇಬ್ರ, ನೀವು ಹೇಳೂದು ಖರೆ ಐತಿ. ಆದ್ರ ಕಾಗದದ ಮ್ಯಾಲೆ ತೋರಸಾಕ ಬರತೈತೇನ್ರೀ?’ ಎಂದರು. ನನ್ನ ಬಳಿ ಇದ್ದದ್ದು ಚೀಟಿಯಲ್ಲಿದ್ದ ಎರಡು ಅಂಕಿ: 12 ಡಿಗ್ರಿಯಲ್ಲಿ ಅನಿಲ ದಾಟಿತ್ತು, ಆದರೆ 1985ರ ಅಕ್ಟೋಬರಿನ ಹಾರಾಟದಲ್ಲಿ ಸುಮಾರು 24 ಡಿಗ್ರಿಯಲ್ಲೂ ದಾಟಿತ್ತು. ಚಳಿಯೇ ಕಾರಣ ಎಂದು ಇದರಿಂದ ಹೇಗೆ ಸಾಧಿಸುವುದು? ಬೋಜೊಲೆ ಪಾತ್ರದ ಹುಡುಗ ಎದ್ದುಬಂದು, ನಿಜದ ಬೋಜೊಲೆ ಮಾಡಿದಂತೆಯೇ, ಮಸಿಯ ಫೋಟೋಗಳನ್ನು ನಮ್ಮ ಮುಂದೆ ಇಟ್ಟು ಎರಡನ್ನೂ ಹೋಲಿಸಿ ನೋಡಿ, ಚಳಿಯಲ್ಲಿ ಎಷ್ಟು ಕಪ್ಪಾಗಿದೆ ಎಂದ. ನಾನು ಫೋಟೋ ನೋಡಲಿಲ್ಲ, ಮಾಲೀಕರ ಮುಖ ನೋಡುತ್ತಿದ್ದೆ. ಮೂವರು ಕೈ ಎತ್ತಿದರು. ಏಳು ಜನ ಸಾಯುತ್ತಾರೆ ಎಂದು ಪೂರ್ತಿ ಗೊತ್ತಿದ್ದ ನಾನೂ ಕೈ ಎತ್ತಿದೆ.

ನಿಜದ ಲಂಡ್ ಕೂಡ ಒಪ್ಪಿದ್ದರು. ನಿಜದ ಸಭೆಯಲ್ಲಿ ಮತ ಕೇಳಿದ್ದು ನಾಲ್ವರು ಮ್ಯಾನೇಜರ್‌ಗಳನ್ನು ಮಾತ್ರ, ಎಂಜಿನಿಯರ್‌ಗಳನ್ನಲ್ಲ. ಫೋನ್ ಮತ್ತೆ ಕೂಡಿಸಿದಾಗ ಥಯೋಕಾಲ್‌ನ ಇನ್ನೊಬ್ಬ ಉಪಾಧ್ಯಕ್ಷ ಜೋ ಕಿಲ್‌ಮಿನ್‌ಸ್ಟರ್ ಹಾರಿಸಬಹುದು ಎಂಬ ಹೊಸ ಶಿಫಾರಸು ಓದಿದರು, ಅದಕ್ಕೆ ಸಹಿ ಹಾಕಿ ಫ್ಯಾಕ್ಸ್ ಕಳಿಸಿದವರೂ ಅವರೇ, ಏಕೆಂದರೆ ಕೆನಡಿಯಲ್ಲಿದ್ದ ಥಯೋಕಾಲ್‌ನ ಅಲನ್ ಮೆಕ್‌ಡೊನಾಲ್ಡ್ ಸಹಿ ಹಾಕಲು ಒಪ್ಪಲಿಲ್ಲ. ಈ ವಾದವಿವಾದ ಉಡಾವಣೆಯ ಅಂತಿಮ ಹೊಣೆ ಹೊತ್ತ ನಾಸಾದ ಮೇಲಿನ ಅಧಿಕಾರಿಗಳನ್ನು ತಲುಪಲೇ ಇಲ್ಲ.

ಆಟ ಮುಗಿದ ಮೇಲಿನ ವಿಶ್ಲೇಷಣೆ ಅತ್ಯುತ್ತಮವಾಗಿತ್ತು. ಸಾಮಾನ್ಯವಾಗಿ ಉಡಾವಣೆಗೆ ಮೊದಲು ಕಂಪನಿಯವರು ತಮ್ಮ ಭಾಗ ಸುರಕ್ಷಿತವೆಂದು ಸಾಬೀತು ಮಾಡಬೇಕಿತ್ತು. ಆ ರಾತ್ರಿ ಅದು ತಿರುವುಮುರುವಾಗಿ, ಹಾರಿಸಬೇಡಿ ಎನ್ನುವವರೇ ಅಪಾಯವಿದೆಯೆಂದು ಸಾಬೀತು ಮಾಡಬೇಕಾಯಿತು. ಬೋಜೊಲೆ ಇದನ್ನೇ ಆಯೋಗದ ಮುಂದೆ ಹೇಳಿದರು. ತರಬೇತುದಾರರು ಎಂಜಿನಿಯರ್‌ಗಳನ್ನೂ ಬಿಡಲಿಲ್ಲ, ಅದು ನನಗೆ ಬಹಳ ಹಿಡಿಸಿತು. ಅವರು ಚರ್ಚಿಸಿದ್ದು ಹಾನಿಯಾದ ಹಾರಾಟಗಳನ್ನು ಮಾತ್ರ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ತಾಪಮಾನದ ಪಕ್ಕ ಇಟ್ಟಿದ್ದರೆ ಚಿತ್ರ ತಾನಾಗಿಯೇ ಮಾತಾಡುತ್ತಿತ್ತು. ಆಯೋಗ ಹಾಗೆ ಇಟ್ಟು ನೋಡಿತು: ಸುಮಾರು 19 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿನ ತಾಪಮಾನದ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ರಿಂಗ್ ಬಾಧಿತವಾಗಿತ್ತು, ಅದಕ್ಕಿಂತ ಚಳಿಯಲ್ಲಿ ಹಾರಿದ ನಾಲ್ಕರಲ್ಲಿ ನಾಲ್ಕೂ. ಗೋಡೆಯ ಮೇಲೆ ಈ ಎರಡು ಸಾಲು ಬಿದ್ದಾಗ ಫೌಂಡ್ರಿ ಮಾಲೀಕರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ನಮ್ಮಲ್ಲಿಯೂ ರಿಜೆಕ್ಷನ್ ವರದಿಯಲ್ಲಿ ಕೆಟ್ಟ ತುಂಡುಗಳ ಲೆಕ್ಕವಷ್ಟೇ ಇರುತ್ತದೆ, ಸರಿಯಿದ್ದವು ಯಾವ ಪಾಳಿಯಲ್ಲಿ, ಯಾವ ಅಚ್ಚಿನಲ್ಲಿ ಬಂದವು ಎಂಬುದು ಯಾರ ಬಳಿಯೂ ಇರುವುದಿಲ್ಲ.

ಇನ್ನು ಕೈಪಿಡಿ. ಕನ್ನಡದಲ್ಲಿ ಇಂಥದ್ದೊಂದನ್ನು ಬರೆಸಿ ಮುದ್ರಿಸಿದ್ದಕ್ಕೆ ಸಂಘಟಕರನ್ನು ಮೆಚ್ಚಲೇಬೇಕು, ಆದರೆ ಕೆಲವು ಕಡೆ ಇಂಗ್ಲಿಷನ್ನು ಪದಕ್ಕೆ ಪದ ಇಳಿಸಿದ್ದಾರೆ. ಮೇಸನ್ ಲಂಡ್‌ಗೆ ಹೇಳಿದ ಪ್ರಸಿದ್ಧ ಮಾತನ್ನು ‘ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕು’ ಎಂದು ಬರೆದಿದ್ದಾರೆ. ಟೋಪಿ ಹಾಕುವುದೆಂದರೆ ನಮ್ಮಲ್ಲಿ ಮೋಸ ಮಾಡುವುದು. ಅದನ್ನು ಓದಿದ ಕೂಡಲೇ ಸಭೆ ಗೊಳ್ಳೆಂದು ನಕ್ಕಿತು, ಇಡೀ ರಾತ್ರಿಯ ಅತ್ಯಂತ ಭಾರವಾದ ಮಾತು ನಗೆಯಲ್ಲಿ ತೇಲಿಹೋಯಿತು. ಮೇಸನ್ ಮೋಸ ಮಾಡು ಎಂದಿರಲಿಲ್ಲ. ಎಂಜಿನಿಯರ್ ಆಗಿ ಯೋಚಿಸಿದ್ದು ಸಾಕು, ಇನ್ನು ಮ್ಯಾನೇಜರ್ ಆಗಿ ಯೋಚಿಸು ಎಂದಿದ್ದರು. ಮೋಸದ ಸೋಂಕಿಲ್ಲದೆ, ಸಜ್ಜನಿಕೆಯ ಸ್ವರದಲ್ಲೇ ಹೇಳಬಹುದಾದ ಮಾತು ಅದು ಎಂಬುದೇ ಅದರ ಭಯಂಕರತೆ. ಇನ್ನೊಂದು ಪುಟದಲ್ಲಿ ನೌಕೆ ‘ಬಾಂಬಿನಂತೆ ಸ್ಫೋಟಿಸಿತು’ ಎಂದಿದೆ, ಅದೂ ಸರಿಯಲ್ಲ. ದಹನ ಶುರುವಾಗಿ ಒಂದು ಸೆಕೆಂಡ್ ತುಂಬುವ ಮೊದಲೇ ಬಲ ಬೂಸ್ಟರ್‌ನ ಕೆಳಗಿನ ಜೋಡಣೆಯಿಂದ ಕಪ್ಪು ಹೊಗೆ ಬಂತು, ಸುಮಾರು 59ನೇ ಸೆಕೆಂಡಿನಲ್ಲಿ ಅಲ್ಲಿಂದ ಜ್ವಾಲೆ ಕಂಡಿತು, ಅದು ಪಕ್ಕದ ಇಂಧನ ಟ್ಯಾಂಕನ್ನೂ ಬೂಸ್ಟರ್‌ನ ಆಧಾರವನ್ನೂ ಸುಟ್ಟಿತು, ಟ್ಯಾಂಕ್ ಒಡೆದಾಗ ನೌಕೆ ಗಾಳಿಯ ಹೊಡೆತಕ್ಕೆ ಸಿಕ್ಕಿ ಚೂರಾಯಿತು. ಕಾರಣ ಹುಡುಕುವ ತರಬೇತಿಯ ಕೈಪಿಡಿಯಲ್ಲಿ ಈ ಸರಪಳಿಯ ಕೊಂಡಿಗಳು ಸಡಿಲವಿರಬಾರದು.

ಏಳು ಮಂದಿಯ ಹೆಸರುಗಳು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿವೆ. ಡಿಕ್ ಸ್ಕೋಬಿ, ಮೈಕೆಲ್ ಸ್ಮಿತ್, ಜೂಡಿತ್ ರೆಸ್ನಿಕ್, ಎಲಿಸನ್ ಒನಿಜುಕಾ, ರೊನಾಲ್ಡ್ ಮ್ಯಾಕ್‌ನೇರ್, ಗ್ರೆಗರಿ ಜಾರ್ವಿಸ್ ಮತ್ತು ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್. ಅವುಗಳನ್ನು ಮೊದಲ ಪುಟದಲ್ಲಿ ಹಾಕಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಆ ರಾತ್ರಿಯ ಫೋನ್ ಸಭೆಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ, ರಿಂಗ್‌ನ ಕಾರಣಕ್ಕೆ ಉಡಾವಣೆಗೆ ಹಾಕಿದ್ದ ತಡೆ ಒಂದರ ಹಿಂದೊಂದು ಹಾರಾಟಕ್ಕೆ ಸಡಿಲವಾಗುತ್ತ ಬಂದದ್ದೂ ಅವರಿಗೆ ಗೊತ್ತಿರಲಿಲ್ಲ.

ನನ್ನ ದೊಡ್ಡ ಅಸಮಾಧಾನ ಎರಡನೇ ದಿನದ ಊಟದ ನಂತರದ ಅವಧಿಯ ಬಗ್ಗೆ. ಕೊಲಂಬಿಯಾ ನೌಕೆಯ ವಿಷಯಕ್ಕೆ ಎರಡು ಗಂಟೆ ಎಂದು ವೇಳಾಪಟ್ಟಿಯಲ್ಲಿತ್ತು, ಸಿಕ್ಕಿದ್ದು ನಲವತ್ತು ನಿಮಿಷ, ಏಕೆಂದರೆ ಪ್ರಮಾಣಪತ್ರ ಹಂಚಲು ಬರಬೇಕಿದ್ದ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿತ್ತು. 2003ರ ಜನವರಿ 16ರಂದು ಹಾರುವಾಗ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡ ರೆಕ್ಕೆಗೆ ಬಡಿದದ್ದು, ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರ್‌ಗಳು ಕೇಳಿದ್ದು, ಅದು ಕೈಗೂಡದೆ ಹೋದದ್ದು, ಫೆಬ್ರವರಿ 1ರಂದು ನೌಕೆ ಮರಳುವಾಗ ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇಲ್ಲವಾದದ್ದು, ಇವಿಷ್ಟನ್ನು ಓಡೋಡಿ ಹೇಳಿ ಮುಗಿಸಿದರು. ಫೋಮ್ ಕಳಚಬಾರದು ಎಂಬುದು ವಿನ್ಯಾಸ. ಪ್ರತಿ ಸಲ ಕಳಚಿಯೂ ನೌಕೆ ಮರಳಿದ್ದರಿಂದ ಅದು ದುರಸ್ತಿಯ ಸಣ್ಣ ಕೆಲಸ ಎಂದಾಯಿತು. ಹದಿನೇಳು ವರ್ಷದ ಬಳಿಕ ಅದೇ ಸಂಸ್ಥೆಯಲ್ಲಿ ಅದೇ ತರ್ಕ ಹೇಗೆ ಮರಳಿ ಬಂತು ಎಂಬುದು ಈ ತರಬೇತಿ ಕೇಳಲೇಬೇಕಾದ ಪ್ರಶ್ನೆಯಾಗಿತ್ತು. 1988ರ ಸೆಪ್ಟೆಂಬರಿನಲ್ಲಿ ನೌಕೆಗಳು ಮತ್ತೆ ಹಾರುವ ಹೊತ್ತಿಗೆ ಜೋಡಣೆಗೆ ಮೂರನೇ ರಿಂಗ್ ಬಂದಿತ್ತು, ಬಿಸಿ ಮಾಡುವ ಹೀಟರ್ ಬಂದಿತ್ತು. ಸಭೆಯಲ್ಲಿ ಮಾತಾಡುವ ರೀತಿಗೆ ಏನು ಬಂದಿತ್ತು ಎಂದು ಕೇಳಲು ನಾನು ಕೈ ಎತ್ತಿದ್ದೆ, ಅಷ್ಟರಲ್ಲಿ ಹೂಗುಚ್ಛ ಬಂದಿತು.

ಊಟ ಚೆನ್ನಾಗಿತ್ತು, ಕೊನೆಯ ದಿನ ಕುಂದಾ ಕೂಡ ಇತ್ತು. ಸಭಾಂಗಣದ ಹಿಂದಿನ ಸಾಲಿಗೆ ಪರದೆ ಕಾಣುವುದಿಲ್ಲ, ಬೇಗ ಹೋಗಿ ಮುಂದೆ ಕೂರಬೇಕು.

ಯಾರಿಗೆ ಈ ತರಬೇತಿ ಎಂಬುದರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಸ್ಪಷ್ಟವಿದೆ. ಕ್ಯೂಸಿಯವರನ್ನು, ಅಂದರೆ ಗುಣಮಟ್ಟ ತಪಾಸಣೆಯವರನ್ನು ಮಾತ್ರ ಕಳಿಸುವುದಾದರೆ ಇದರ ಅರ್ಧ ಬೆಲೆ ವ್ಯರ್ಥ, ಏಕೆಂದರೆ ಅವರಿಗೆ ರಿಜೆಕ್ಟ್ ಬರೆಯಲು ಬರುವುದಿಲ್ಲ ಎಂದಲ್ಲ, ಬರೆದ ಮೇಲೆ ಏನಾಗುತ್ತದೆ ಎಂಬುದು ಅವರ ಕೈಯಲ್ಲಿರುವುದಿಲ್ಲ. ಪ್ರೊಡಕ್ಷನ್‌ನವರು, ಡಿಸ್ಪ್ಯಾಚ್ ನೋಡುವವರು, ಮುಖ್ಯವಾಗಿ ಮಾಲೀಕರು ಒಂದೇ ಕೋಣೆಯಲ್ಲಿ ಕುಳಿತು ಆ ಐದು ನಿಮಿಷವನ್ನು ಅನುಭವಿಸಬೇಕು. ತರಬೇತಿಯಿಂದ ಬಂದ ವಾರ ನಾನು ನಮ್ಮ ಡೀವಿಯೇಷನ್ ರಿಜಿಸ್ಟರ್‌ನಲ್ಲಿ ಎರಡು ಹೊಸ ಕಾಲಂ ಗೀಚಿದ್ದೇನೆ. ಒಂದು, ಇದೇ ವಿನಾಯಿತಿಯನ್ನು ಈ ಹಿಂದೆ ಎಷ್ಟು ಸಲ ಕೊಟ್ಟಿದ್ದೇವೆ. ಇನ್ನೊಂದು, ಸುರಕ್ಷಿತ ಎಂದು ತೋರಿಸಿದವರು ಯಾರು ಮತ್ತು ಹೇಗೆ. ‘ಹೋದ ಸಲ ಏನೂ ಆಗಿಲ್ಲ’ ಎಂಬ ಉತ್ತರವನ್ನು ಎರಡನೇ ಕಾಲಂನಲ್ಲಿ ಬರೆಯುವಂತಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮೊದಲ ಕಾಲಂ ತುಂಬುವಾಗ ಹಳೆಯ ಪುಟಗಳನ್ನು ತಿರುವಿದೆ. ಒಂದು ವಿನಾಯಿತಿಯ ಎದುರು 11 ಎಂದು ಬರೆಯಬೇಕಾಯಿತು, ಆ ಹನ್ನೊಂದರಲ್ಲಿ ಏಳು ಸಹಿ ನನ್ನವೇ.

ಮುಂದಿನ ತಂಡಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ನಮ್ಮ ಮಾಲೀಕರನ್ನು ಒಪ್ಪಿಸಿ ಅವರ ಹೆಸರನ್ನು ನಾನೇ ಬರೆಸಿ, ಶುಲ್ಕ ಕಟ್ಟಿ ಬಂದಿದ್ದೇನೆ. ಫೋನ್ ಸಭೆಯಲ್ಲಿ ಅವರಿಗೆ ಮೇಸನ್ ಪಾತ್ರ ಬೇಡ, ಬೋಜೊಲೆ ಪಾತ್ರ ಕೊಡಿ, ಕೈಯಲ್ಲಿ ಆ ಮಸಿಯ ಫೋಟೋಗಳನ್ನೂ ಕೊಡಿ ಎಂದು ತರಬೇತುದಾರರನ್ನು ಕೇಳಿಕೊಂಡಿದ್ದೇನೆ. ಅವರು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಜೊತೆಗೆ ಕಂದು ವಿಟಾನ್‌ನ ಒಂದು ತುಂಡನ್ನೂ ಕೊಟ್ಟು ಬಂದಿದ್ದೇನೆ.